ಊಟ ಬಿಟ್ಟ ತಾಯಿಯ ತೂಕ: ದಾವಣಗೆರೆಯ ಒಂದು ಪ್ರಕರಣ

ಈ ತಾಯಿಗೆ 27 ವರ್ಷ. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ತವರು ಜಗಳೂರು ತಾಲ್ಲೂಕಿನ ಹಳ್ಳಿ, ಗಂಡನ ಮನೆ ಕುಂದವಾಡ ಕೆರೆಯಿಂದ ದೂರವಲ್ಲದ ಬಡಾವಣೆ. ನವೆಂಬರ್ ಕೊನೆಯಲ್ಲಿ ಸಿಸೇರಿಯನ್ ಮೂಲಕ ಮೊದಲ ಹೆರಿಗೆ. ಹೆಣ್ಣು ಮಗು, ಹುಟ್ಟಿದಾಗ 2.9 ಕಿಲೋ. ಏಪ್ರಿಲ್ ಕೊನೆಯಲ್ಲಿ ಆಹಾರ ಸಲಹೆಗೆಂದು ನನ್ನ ಬಳಿ ಬಂದಾಗ ಆಕೆ ಕೇಳಿದ್ದು ಇಷ್ಟೇ: 26 ವಾರಗಳ ಹೆರಿಗೆ ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ, ಅಂದರೆ ಒಂದು ತಿಂಗಳಲ್ಲಿ, ಹತ್ತು ಕಿಲೋ ಇಳಿಯಬೇಕು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಇಂಥ ಬೇಡಿಕೆಯೊಂದಿಗೆ ಬರುವ ತಾಯಂದಿರು ಬಹಳ. ಅವರಲ್ಲಿ ಹೆಚ್ಚಿನವರು ಆಗಲೇ ಊಟ ಬಿಟ್ಟಿರುತ್ತಾರೆ ಎಂಬುದೇ ನನ್ನ ಚಿಂತೆ.

ಆಕೆಯ ತಾಯಿ ಕಾರ್ಡ್ ನೋಡಿದೆ. ಮೂರನೇ ತಿಂಗಳ ನೋಂದಣಿಯಲ್ಲಿ 56 ಕಿಲೋ, ಹೆರಿಗೆಗೆ ಮುಂಚೆ 72. ಎತ್ತರ 156 ಸೆಂಟಿಮೀಟರ್. ಹದಿನಾರು ಕಿಲೋ ಏರಿಕೆ ಹೆಚ್ಚೇ, ಆದರೆ ಗಾಬರಿಪಡುವಂಥದ್ದಲ್ಲ. ಹೆರಿಗೆಯಾಗಿ ವಾರದ ನಂತರ 65 ಇತ್ತು. ಮಗು, ಮಾಸು, ಗರ್ಭದ ನೀರು ಹೊರಬಿದ್ದಾಗ ಐದಾರು ಕಿಲೋ ಒಮ್ಮೆಗೇ ಇಳಿಯುತ್ತದೆ, ಮೈಯಲ್ಲಿ ತುಂಬಿಕೊಂಡ ನೀರೂ ಮುಂದಿನ ದಿನಗಳಲ್ಲಿ ಹೋಗುತ್ತದೆ. ಆಮೇಲಿನದು ನಿಧಾನದ ಕೆಲಸ. ಈಕೆಗೆ ಮಾತ್ರ ಅದು ತಿರುವುಮುರುವಾಯಿತು. ತವರಿನ ಮೂರು ತಿಂಗಳ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಾಗ ತೂಕ 69. ಕನ್ನಡಿ ನೋಡಿ ಅತ್ತಳಂತೆ. ಮೊಬೈಲಿನಲ್ಲಿ ಕಂಡ ಸಲಹೆಯಂತೆ ಬೆಳಗಿನ ತಿಂಡಿ ಬಿಟ್ಟಳು, ಬಿಸಿನೀರಿಗೆ ನಿಂಬೆ ಮತ್ತು ಜೇನುತುಪ್ಪ ಬೆರೆಸಿ ಕುಡಿದಳು, ಪರಿಚಯದವರೊಬ್ಬರು ಮಾರಿದ ತೂಕ ಇಳಿಸುವ ಪುಡಿಯನ್ನೂ ತಂದಳು. ಎರಡು ವಾರದಲ್ಲಿ 66.5ಕ್ಕೆ ಇಳಿಯಿತು. ಅದೇ ಹುರುಪಿನಲ್ಲಿ ಮುಂದುವರಿದಳು. ನನ್ನ ಬಳಿ ಬಂದ ದಿನ ತಕ್ಕಡಿ 68 ತೋರಿಸಿತು. ಸೊಂಟದ ಸುತ್ತಳತೆ 94 ಸೆಂಟಿಮೀಟರ್.

ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಇನ್ನೊಂದು ತೂಕವನ್ನು. ಅಂಗನವಾಡಿಯಲ್ಲಿ ತೂಗಿದಾಗ ಮಗು ನಾಲ್ಕು ತಿಂಗಳಿಗೆ 6.1 ಕಿಲೋ ಇತ್ತು, ಐದು ತಿಂಗಳಿಗೆ 6.3. ಈ ವಯಸ್ಸಿನಲ್ಲಿ ತಿಂಗಳಿಗೆ ಅರ್ಧ ಕಿಲೋ ಆಸುಪಾಸು ಏರಬೇಕಾದ ಮಗು 200 ಗ್ರಾಂ ಮಾತ್ರ ಏರಿತ್ತು. ಸಂಜೆಯ ಹೊತ್ತು ಎದೆಗೆ ಹಾಕಿದರೂ ಅಳುತ್ತಿತ್ತು. "ಹಾಲು ಸಾಲುತ್ತಿಲ್ಲ, ಆಕಳ ಹಾಲು ಶುರು ಮಾಡೋಣ" ಎಂದು ಮನೆಯಲ್ಲಿ ಮಾತು ನಡೆದಿತ್ತು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಆಕಳ ಹಾಲಂತೂ ವರ್ಷ ತುಂಬುವವರೆಗೆ ಕುಡಿಯಲು ಕೊಡುವುದೇ ಬೇಡ. ಅಂದರೆ ತೂಕ ಇಳಿಸುವ ಪ್ರಶ್ನೆಗೆ ಮುಂಚೆ ಹಾಲಿನ ಪ್ರಶ್ನೆ ಬಂದು ನಿಂತಿತ್ತು.

ಒಂದು ದಿನದ ಊಟದ ಲೆಕ್ಕ

"ನಾನು ಏನೂ ತಿನ್ನುವುದಿಲ್ಲ ಮೇಡಂ, ಆದರೂ ದಪ್ಪಗಾಗುತ್ತಿದ್ದೇನೆ" ಎಂದಳು. ಈ ಮಾತನ್ನು ನಗೆಯಾಡಿ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ತಟ್ಟೆಯ ಮುಂದೆ ಕುಳಿತು ಉಂಡದ್ದು ನಿಜವಾಗಿಯೂ ಕಡಿಮೆ ಇತ್ತು. ಹಿಂದಿನ ದಿನ ಎದ್ದಾಗಿನಿಂದ ಬಾಯಿಗೆ ಹೋದದ್ದನ್ನೆಲ್ಲ ಹೊತ್ತಿನ ಪ್ರಕಾರ ಹೇಳಲು ಕೇಳಿದೆ.

ಬೆಳಿಗ್ಗೆ ಐದೂವರೆಗೆ ಮಗುವಿಗೆ ಹಾಲು ಕುಡಿಸಿ ಚಹಾ, ಜೊತೆಗೆ ನಾಲ್ಕು ಬಿಸ್ಕತ್ತು. ಏಳಕ್ಕೆ ನಿಂಬೆ ನೀರು. ತಿಂಡಿ ಇಲ್ಲ. ಮನೆಯವರ ಡಬ್ಬಿ ಕಟ್ಟಿ, ಮಗುವಿಗೆ ಎಣ್ಣೆ ನೀರು ಹಾಕಿ, ಬಟ್ಟೆ ಒಗೆಯುವಷ್ಟರಲ್ಲಿ ಹನ್ನೊಂದೂವರೆ. ಆಗ ಪಾತ್ರೆಯಲ್ಲಿ ಉಳಿದ ಒಗ್ಗರಣೆ ಮಂಡಕ್ಕಿ. ಮಧ್ಯಾಹ್ನ ಅರ್ಧ ರೊಟ್ಟಿ, ಚೂರು ಪಲ್ಯ. ನಾಲ್ಕಕ್ಕೆ ಕೈಕಾಲು ನಡುಗಿದಂತಾಗಿ ತವರಿನಿಂದ ಬಂದ ಡಬ್ಬಿಯಿಂದ ಎರಡು ಅಂಟಿನ ಉಂಡೆ. ಸಂಜೆ ಮೈದುನ ತಂದ ಮಿರ್ಚಿ ಎರಡು, ಮತ್ತೆ ಚಹಾ. ರಾತ್ರಿ ಎಲ್ಲರದ್ದೂ ಮುಗಿದ ಮೇಲೆ ಹತ್ತೂವರೆಗೆ ಅನ್ನ, ತಿಳಿಸಾರು. ನಡುರಾತ್ರಿ ಮಗು ಎದ್ದಾಗ ಒಂದು ಉಂಡೆ, ನಸುಕಿನಲ್ಲಿ ಇನ್ನೊಂದು.

ಒಟ್ಟು ಹಾಕಿದರೆ ಸುಮಾರು 2,500 ಕ್ಯಾಲೊರಿ. ಪ್ರೋಟೀನ್ ಮಾತ್ರ 45 ಗ್ರಾಂ ಆಸುಪಾಸು. ಒಣಕೊಬ್ಬರಿ, ಬೆಲ್ಲ, ತುಪ್ಪ, ಅಂಟು, ಉತ್ತುತ್ತಿ ಸೇರಿದ 50 ಗ್ರಾಂ ತೂಕದ ಒಂದು ಉಂಡೆಯಲ್ಲಿ ಹೆಚ್ಚುಕಡಿಮೆ 250 ಕ್ಯಾಲೊರಿ ಇರುತ್ತದೆ, ಒಂದೂವರೆ ಜೋಳದ ರೊಟ್ಟಿಯಷ್ಟು. ನಾಲ್ಕು ಉಂಡೆ ಎಂದರೆ ಸಾವಿರ. ಮೊದಲ ಎರಡು ವಾರ ಆಕೆ ಉಂಡೆಯನ್ನೂ ಮುಟ್ಟಿರಲಿಲ್ಲ, ಅದಕ್ಕೇ ತೂಕ ಇಳಿದಿತ್ತು. ಮೂರನೇ ವಾರಕ್ಕೆ ಹಾಲೂಡಿಸುವ ದೇಹ ತನ್ನ ಪಾಲನ್ನು ಕೇಳಿತು. ಹಗಲಿನಲ್ಲಿ ಅನ್ನ ರೊಟ್ಟಿ ಸಿಗದಿದ್ದಾಗ ಅದು ರಾತ್ರಿ ಸಕ್ಕರೆ, ಬೆಲ್ಲವನ್ನು ಹುಡುಕಿತು. ಇದರಲ್ಲಿ ಮನಸ್ಸಿನ ದೌರ್ಬಲ್ಯ ಏನೂ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ಹೆಚ್ಚು ಮೈಗೆಲಸವಿಲ್ಲದ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕು. ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ಅದರ ಮೇಲೆ 600, ಮುಂದಿನ ಆರು ತಿಂಗಳಲ್ಲಿ 520. ಪ್ರೋಟೀನ್ ಮೊದಲ ಆರು ತಿಂಗಳು 63 ಗ್ರಾಂ ಹತ್ತಿರ. ಈಕೆಯ ತಟ್ಟೆಯಲ್ಲಿ ಕ್ಯಾಲೊರಿ ತುಸು ಹೆಚ್ಚು, ಪ್ರೋಟೀನ್ ಬಹಳ ಕಡಿಮೆ, ಹೊತ್ತು ಪೂರ್ತಿ ತಲೆಕೆಳಗು. ನೀರು ಕೂಡ ಕಡಿಮೆಯೇ. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ದೊಡ್ಡದಾಗುತ್ತದೆ ಎಂದು ತವರಿನಲ್ಲಿ ಲೋಟದ ಲೆಕ್ಕದಲ್ಲಿ ಕೊಟ್ಟಿದ್ದರು. ಅದರಿಂದ ಆದದ್ದು ಮಲಬದ್ಧತೆ. ಮಲಬದ್ಧತೆಯ ಕಾರಣಕ್ಕೆ ಆಕೆ ಕಬ್ಬಿಣದ ಮಾತ್ರೆ ನಿಲ್ಲಿಸಿದ್ದಳು.

ಪರೀಕ್ಷೆಗಳು

ಸ್ತ್ರೀರೋಗ ತಜ್ಞರ ಬಳಿ ಕಳುಹಿಸಿ ರಕ್ತ ಪರೀಕ್ಷೆ ಮಾಡಿಸಿದೆವು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಕೆಲವರಿಗೆ ಥೈರಾಯಿಡ್ ಗ್ರಂಥಿಯ ಕೆಲಸ ಕುಗ್ಗಿ ತೂಕ, ಸುಸ್ತು, ಮಂಕು ಒಟ್ಟಿಗೆ ಬರುತ್ತವೆ, ಅದನ್ನು ನೋಡದೆ ಊಟ ಬದಲಿಸುವುದು ತಪ್ಪು. ಈಕೆಯ ಥೈರಾಯಿಡ್ ಸರಿ ಇತ್ತು. ಸಕ್ಕರೆಯೂ ಸರಿ ಇತ್ತು. ಹಿಮೋಗ್ಲೋಬಿನ್ ಮಾತ್ರ 9.4, ಇರಬೇಕಾದದ್ದು ಕನಿಷ್ಠ 12. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನ ತಲೆಸುತ್ತು ಇವಕ್ಕೆಲ್ಲ "ದಪ್ಪಗಾಗಿದ್ದೀಯ, ಅದಕ್ಕೇ" ಎಂಬ ಉತ್ತರ ಆಕೆಗೆ ಸಿಕ್ಕಿತ್ತು. ರಕ್ತವೇ ಕಡಿಮೆ ಇರುವ ತಾಯಿಯನ್ನು ಓಡು, ಬೆವರು ಹರಿಸು ಎನ್ನುವುದು ಅನ್ಯಾಯ. ಹೆರಿಗೆಯ ನಂತರ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಬೇಕೆಂಬುದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ತಾಯಂದಿರು ಮಗುವಿನ ಹನಿಗಳನ್ನು ಮರೆಯುವುದಿಲ್ಲ, ತಮ್ಮ ಮಾತ್ರೆಯನ್ನು ಮರೆಯುತ್ತಾರೆ.

ಇನ್ನೊಂದು ಸಂಗತಿ ಹೊಟ್ಟೆಯದು. ಆಕೆ ದಿನವೂ ಮೊಬೈಲ್ ನೋಡಿಕೊಂಡು ಮಲಗಿ ಏಳುವ ವ್ಯಾಯಾಮ ಮಾಡುತ್ತಿದ್ದಳು, ಬೆನ್ನುನೋವು ಹೆಚ್ಚುತ್ತಿತ್ತು, ಹೊಟ್ಟೆ ಕರಗುತ್ತಿರಲಿಲ್ಲ. ಫಿಸಿಯೊಥೆರಪಿಸ್ಟ್ ಅಂಗಾತ ಮಲಗಿಸಿ, ಮಂಡಿ ಮಡಿಸಿ, ತಲೆಯನ್ನಷ್ಟೇ ಎತ್ತಿಸಿ ಹೊಕ್ಕುಳದ ಮೇಲ್ಭಾಗ ಮುಟ್ಟಿ ನೋಡಿದಾಗ ಎರಡು ಬದಿಯ ಸ್ನಾಯುಗಳ ನಡುವೆ ಮೂರು ಬೆರಳು ಇಳಿಯುವಷ್ಟು ಜಾಗವಿತ್ತು. ಗರ್ಭದಲ್ಲಿ ಹಿಗ್ಗಿದ ಸ್ನಾಯು ಇನ್ನೂ ಕೂಡಿಕೊಂಡಿರಲಿಲ್ಲ. ಆ ಹೊಟ್ಟೆಯ ಉಬ್ಬಿನಲ್ಲಿ ಕೊಬ್ಬಿನ ಪಾಲಿನಷ್ಟೇ ಈ ಬಿರುಕಿನ ಪಾಲೂ ಇತ್ತು. ಇಂಥವರು ಮಲಗಿ ಏಳುವ ವ್ಯಾಯಾಮ ಮಾಡಿದರೆ ಒತ್ತಡ ಅದೇ ಜಾಗಕ್ಕೆ ಬೀಳುತ್ತದೆ. ಅದನ್ನು ಅಂದೇ ನಿಲ್ಲಿಸಿದೆವು. ಬದಲಿಗೆ ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲಗೆ ಒಳಗೆಳೆದುಕೊಳ್ಳುವುದು, ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ತಳದ ಸ್ನಾಯುಗಳನ್ನು ಬಿಗಿದು ಬಿಡುವುದು, ಮಂಡಿ ಮಡಿಸಿ ಮಲಗಿ ಸೊಂಟ ಎತ್ತುವುದು, ಇಷ್ಟೇ.

ಹೊಟ್ಟೆಗೆ ಬಟ್ಟೆ ಕಟ್ಟುವ ಬಗ್ಗೆ ಎಲ್ಲರೂ ಕೇಳುತ್ತಾರೆ, ಈಕೆಯ ಅತ್ತೆಯೂ ಕೇಳಿದರು. ಹದವಾಗಿ ಕಟ್ಟಿದರೆ ಎದ್ದು ಓಡಾಡುವಾಗ ಬೆನ್ನಿಗೆ, ಹೊಲಿಗೆಗೆ ಆಸರೆ ಸಿಗುತ್ತದೆ. ಕೊಬ್ಬು ಅದರಿಂದ ಕರಗುವುದಿಲ್ಲ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಗೆ ಗರ್ಭಕೋಶದ ಕಡೆಗೆ ಇಳಿಯುತ್ತದೆ.

ಮನಸ್ಸಿನ ಬಗ್ಗೆಯೂ ಕೇಳಲೇಬೇಕಿತ್ತು. ಹೆರಿಗೆಯ ನಂತರದ ಖಿನ್ನತೆ ಅಳೆಯುವ ಹತ್ತು ಪ್ರಶ್ನೆಗಳ ಎಡಿನ್‌ಬರ್ಗ್ ಮಾಪನದಲ್ಲಿ ಆಕೆಯ ಅಂಕ ಮಿತಿಯೊಳಗೇ ಇತ್ತು. ಆದರೂ ಎರಡು ವಾರದ ನಂತರ ಮತ್ತೊಮ್ಮೆ ಕೇಳುವುದೆಂದು ಗೊತ್ತುಮಾಡಿಕೊಂಡೆವು, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗಂಡನ ಮೊಬೈಲಿನಲ್ಲೂ ಬರೆಸಿದೆ. ಆಕೆ ಕೊಟ್ಟ ಉತ್ತರಗಳಲ್ಲಿ ಒಂದು ನನ್ನಲ್ಲಿ ಉಳಿದಿದೆ: "ಎಲ್ಲರೂ ಮಗುವನ್ನು ಎತ್ತಿಕೊಳ್ಳಲು ಬರುತ್ತಾರೆ, ನೀನು ಉಂಡೆಯಾ ಎಂದು ಕೇಳುವುದಿಲ್ಲ."

ಅಡುಗೆಮನೆಯಲ್ಲಿ

ಹೀಗಾಗಿ ಮುಂದಿನ ಭೇಟಿಗೆ ಗಂಡ ಮತ್ತು ಅತ್ತೆ ಇಬ್ಬರೂ ಬರಬೇಕೆಂದು ಹೇಳಿದೆ. ಬಂದರು. ಅತ್ತೆ ಮಾತಿನಲ್ಲಿ ಖಡಕ್, ಮನಸ್ಸಿನಲ್ಲಿ ಕೆಟ್ಟವರಲ್ಲ. "ನಾನು ಮೂರು ಹೆತ್ತಿದ್ದೇನೆ ಮೇಡಂ. ನಮ್ಮ ಅವ್ವನೂ ಇದೇ ಉಂಡೆ ಕಟ್ಟಿ ಕೊಟ್ಟಳು. ನನಗೆ ಯಾವ ಬೊಜ್ಜೂ ಬರಲಿಲ್ಲ" ಎಂದರು. ಮೂರನೇ ತಿಂಗಳು ಮುಗಿದ ಮೇಲೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಜೋಳ ಕುಟ್ಟುವುದು, ಬಾವಿ ಸೇದುವುದು, ಕಳೆ ತೆಗೆಯಲು ಹೋಗುವುದು. ಮಗುವನ್ನು ಹೊಲದ ಬದುವಿನಲ್ಲೇ ಮಲಗಿಸುತ್ತಿದ್ದೆ." ಹೇಳುತ್ತಿರುವಾಗಲೇ ಅವರಿಗೆ ವ್ಯತ್ಯಾಸ ಹೊಳೆಯಿತು. ಉಂಡೆ ಬದಲಾಗಿಲ್ಲ, ಅದನ್ನು ತಿಂದವರ ದಿನ ಬದಲಾಗಿದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ಹೊಲಕ್ಕೆ ಮರಳಲಿರುವ ಹೆಂಗಸಿಗಾಗಿ ನಮ್ಮ ಹಿರಿಯರು ಕಟ್ಟಿದ ಆಹಾರ ಅದು, ಅದರಲ್ಲಿ ಜಾಣ್ಮೆ ಇದೆ. ಅದನ್ನು ವಿಷ ಎನ್ನುವ ಇಂದಿನ ಧಾಟಿ ನನಗೆ ಒಪ್ಪಿಗೆಯಿಲ್ಲ.

ತವರಿನ ತಾಯಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆವು. "ಉಂಡೆ ನಿಲ್ಲಿಸಿದರೆ ನನ್ನ ಮಗಳ ಸೊಂಟ ಹಿಡಿದುಕೊಳ್ಳುತ್ತದೆ" ಎಂದು ಅವರು ಅಳುವ ಧ್ವನಿಯಲ್ಲಿ ಹೇಳಿದರು. ನಿಲ್ಲಿಸುವುದಿಲ್ಲ, ದಿನಕ್ಕೆ ಒಂದು, ಸಂಜೆ ನಾಲ್ಕಕ್ಕೆ, ಮಜ್ಜಿಗೆಯ ಜೊತೆ ಎಂದು ಒಪ್ಪಂದವಾಯಿತು. ಮುಂದಿನ ಸಲ ಕಟ್ಟುವಾಗ ಬೆಲ್ಲ, ತುಪ್ಪ ಇಳಿಸಿ ಅಳವಿ ಬೀಜ, ಎಳ್ಳು, ಶೇಂಗಾ ಹೆಚ್ಚಿಸಲು, ಉಂಡೆಯನ್ನು ನಿಂಬೆ ಗಾತ್ರಕ್ಕೆ ಕಟ್ಟಲು ಅವರೇ ಮುಂದಾದರು.

ಯೋಜನೆಯ ಮೊದಲ ಸಾಲು ನೋಡಿ ಆಕೆ ಬೆಚ್ಚಿದಳು: ಬೆಳಿಗ್ಗೆ ಎಂಟಕ್ಕೆ ಎರಡು ರೊಟ್ಟಿ. ತೂಕ ಇಳಿಸಲು ಬಂದವಳಿಗೆ ಊಟ ಹೆಚ್ಚಿಸುತ್ತೀರಾ ಎಂದು ಕೇಳಿದಳು. ಹೌದು. ಅತ್ತೆ ಹೇಗೂ ಬೆಳಗಿನ ಜಾವ ರೊಟ್ಟಿ ಬಡಿಯುತ್ತಿದ್ದರು, ಮೊದಲ ಎರಡು ಬಿಸಿ ರೊಟ್ಟಿ ಗಂಡಸರ ಡಬ್ಬಿಗೆ ಹೋಗುವ ಮುಂಚೆ ಬಾಣಂತಿಯ ತಟ್ಟೆಗೆ ಬರಬೇಕು, ಜೊತೆಗೆ ಹೆಸರುಕಾಳಿನ ಪಲ್ಯ ಅಥವಾ ಮಡಕೆಕಾಳು, ಶೇಂಗಾ ಚಟ್ನಿ ಪುಡಿ, ಒಂದು ಬಟ್ಟಲು ಮೊಸರು. ಮಧ್ಯಾಹ್ನ ಒಂದೂವರೆಗೆ ಒಂದು ರೊಟ್ಟಿ, ಒಂದು ಬಟ್ಟಲು ಅನ್ನ, ಗಟ್ಟಿ ಬೇಳೆ, ಸಬ್ಬಸಿಗೆ ಅಥವಾ ಮೆಂತ್ಯ ಸೊಪ್ಪು, ಹಸಿ ಸೌತೆಕಾಯಿ. ರಾತ್ರಿ ಎಂಟಕ್ಕೆ ಅಷ್ಟೇ, ಅನ್ನ ತುಸು ಕಡಿಮೆ. ಕೆಲವು ದಿನ ಅನ್ನದ ಬದಲು ನವಣೆ, ಅದು ಜಗಳೂರು ಕಡೆಯವರಿಗೆ ಹೊಸತಲ್ಲ. ನಡುರಾತ್ರಿ ಹಸಿವಾದರೆ ಒಂದು ಲೋಟ ಬೆಚ್ಚನೆಯ ಹಾಲು, ನಾಲ್ಕಾರು ಹುರಿದ ಶೇಂಗಾ. ಸಸ್ಯಾಹಾರಿ ಮನೆಯಾದ್ದರಿಂದ ಕಾಳು ಬೇಳೆ ದಿನಕ್ಕೆ 75 ಗ್ರಾಂ, ಹಾಲು ಮೊಸರು ಸೇರಿ ಅರ್ಧ ಲೀಟರ್ ಎಂದು ಅಳತೆ ಹೇಳಿದೆ. ಹೀಗೆ ಪ್ರೋಟೀನ್ 60 ಗ್ರಾಂ ದಾಟಿತು, ಒಟ್ಟು ಕ್ಯಾಲೊರಿ 1,850ರ ಹತ್ತಿರ ನಿಂತಿತು. ಆಕೆಗೆ ಬೇಕಾದದ್ದಕ್ಕಿಂತ 400 ಕಡಿಮೆ. ಹಾಲೂಡಿಸುವಾಗ ಅದಕ್ಕಿಂತ ಕೆಳಗೆ ಒತ್ತುವುದು ಬೇಡ. ವಾರಕ್ಕೆ ಅರ್ಧ ಕಿಲೋ ಇಳಿಕೆಯೇ ಮೇಲಿನ ಮಿತಿ.

ಪುಡಿಯ ಡಬ್ಬಿಯನ್ನು ಅಲ್ಲೇ ನಿಲ್ಲಿಸಿದೆವು. ಅದರ ಮೇಲೆ ಏನೇನಿದೆ ಎಂದು ಪೂರ್ತಿ ಬರೆದಿರಲೇ ಇಲ್ಲ. ಇಂಥ ಕೆಲವು ಪುಡಿಗಳಲ್ಲಿ ಭೇದಿ ಮಾಡಿಸುವ ಸೊಪ್ಪೋ ಕೆಫೀನೋ ಇರುತ್ತದೆ, ತಾಯಿ ಕುಡಿದದ್ದರ ಅಂಶ ಹಾಲಿಗೂ ಇಳಿಯಬಹುದು. ಕಬ್ಬಿಣದ ಮಾತ್ರೆ ಮಧ್ಯಾಹ್ನದ ಊಟವಾಗಿ ಒಂದು ಗಂಟೆಯ ಮೇಲೆ ನಿಂಬೆ ನೀರಿನೊಂದಿಗೆ, ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ರಾತ್ರಿ. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಚಹಾದ ಜೊತೆಗೂ ಹತ್ತುವುದು ಕಡಿಮೆ. ಪ್ರತಿ ಸಲ ಹಾಲೂಡಿಸಲು ಕೂರುವಾಗ ಪಕ್ಕದಲ್ಲಿ ಒಂದು ಲೋಟ ನೀರು.

ಗಂಡನ ಪಾಲಿಗೆ ಬಂದದ್ದು ರಾತ್ರಿಯ ಕೆಲಸ. ಹಾಲು ಕುಡಿಸುವುದು ತಾಯಿಯೇ ಆದರೂ, ಆಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು, ತೂಗಿ ಮಲಗಿಸುವುದು ಅವನದು. ಮಧ್ಯಾಹ್ನ ಎರಡರಿಂದ ಮೂರೂವರೆ ಮಗು ಅಜ್ಜಿಯ ಕೋಣೆಯಲ್ಲಿ, ತಾಯಿ ಬಾಗಿಲು ಹಾಕಿಕೊಂಡು ನಿದ್ದೆ. ನಿದ್ದೆಗೆಟ್ಟ ದೇಹ ಮರುದಿನ ಸಿಹಿಯನ್ನೂ ಕರಿದದ್ದನ್ನೂ ಬೇಡುತ್ತದೆ, ಈ ಒಂದೂವರೆ ಗಂಟೆಯನ್ನು ನಾನು ಊಟದ ಯೋಜನೆಯ ಭಾಗವೆಂದೇ ಬರೆದೆ. ಮಿರ್ಚಿಯನ್ನು ಮುಟ್ಟಲೇಬಾರದು ಎಂದು ಹೇಳಲಿಲ್ಲ. ದಾವಣಗೆರೆಯಲ್ಲಿ ಇದ್ದುಕೊಂಡು ಮಂಡಕ್ಕಿ ಮಿರ್ಚಿ ಬಿಡು ಎನ್ನುವ ಸಲಹೆ ಮೂರು ದಿನ ನಿಲ್ಲುವುದಿಲ್ಲ. ವಾರಕ್ಕೊಮ್ಮೆ, ಭಾನುವಾರ, ಎಲ್ಲರೊಂದಿಗೆ.

ನಡಿಗೆ ಮನೆಯ ಮುಂದಿನ ರಸ್ತೆಯಲ್ಲಿ ಹತ್ತು ನಿಮಿಷದಿಂದ ಶುರುವಾಯಿತು. ಏಪ್ರಿಲ್, ಮೇ ಬಿಸಿಲಿನಲ್ಲಿ ದಾವಣಗೆರೆಯ ಬೀದಿಗಿಳಿಯಲು ಬೆಳಿಗ್ಗೆ ಆರೂವರೆ ಬಿಟ್ಟರೆ ಸಂಜೆ ಆರೂವರೆಯೇ. ರಕ್ತ ಏರುತ್ತ ಹೋದಂತೆ ಅರ್ಧ ಗಂಟೆಗೆ ಬಂತು. ಭಾನುವಾರ ಗಂಡ ಮಗುವನ್ನು ಎತ್ತಿಕೊಂಡು ಕುಂದವಾಡ ಕೆರೆಯ ಏರಿಯ ಮೇಲೆ ಜೊತೆಗೆ ನಡೆದ.

ಮುಂದಿನ ತಿಂಗಳುಗಳು

ಮೇ ಕೊನೆಗೆ ತೂಕ 67.4. ಶಾಲೆಗೆ ಹತ್ತು ಕಿಲೋ ಇಳಿದು ಹೋಗಬೇಕೆಂದಿದ್ದವಳು 600 ಗ್ರಾಂ ಇಳಿದು ಹೋಗಬೇಕಾಯಿತು. ಬಹಳ ಬೇಸರ ಮಾಡಿಕೊಂಡಳು, ಹೆರಿಗೆಯಾಗಿ ಮೂರೇ ತಿಂಗಳಲ್ಲಿ ಮೊದಲಿನಂತಾದ ಗೆಳತಿಯ ಫೋಟೋ ತೋರಿಸಿದಳು. ನಾನು ಮಗುವಿನ ತೂಕ ತೋರಿಸಿದೆ: ಆರು ತಿಂಗಳಿಗೆ 6.9 ಕಿಲೋ. ಒಂದೇ ತಿಂಗಳಲ್ಲಿ 600 ಗ್ರಾಂ ಏರಿತ್ತು, ಆಕಳ ಹಾಲಿನ ಮಾತು ಮನೆಯಲ್ಲಿ ತಾನಾಗಿ ನಿಂತಿತ್ತು. ಆಕೆಯ ಸೊಂಟದ ಅಳತೆ 94ರಿಂದ 91ಕ್ಕೆ ಬಂದಿತ್ತು. ಎಡಿನ್‌ಬರ್ಗ್ ಪ್ರಶ್ನೆಗಳಿಗೆ ಎರಡನೇ ಸಲ ಕೊಟ್ಟ ಉತ್ತರಗಳೂ ಹಗುರವಾಗಿದ್ದವು.

ಜೂನ್‌ನಲ್ಲಿ 66.1, ಜುಲೈನಲ್ಲಿ 65. ಶಾಲೆಗೆ ಡಬ್ಬಿಯಲ್ಲಿ ರೊಟ್ಟಿ, ಕಾಳು ಪಲ್ಯ ಹೋಗುತ್ತಿತ್ತು. ಬೆಳಿಗ್ಗೆ ಹಾಲು ಹಿಂಡಿ ಇಟ್ಟು ಹೋಗುತ್ತಿದ್ದಳು, ಮಗುವಿಗೆ ಅಜ್ಜಿ ರಾಗಿ ಸರಿ, ಬೇಳೆ ಅನ್ನ ತಿನ್ನಿಸುತ್ತಿದ್ದರು. ಹಿಮೋಗ್ಲೋಬಿನ್ 10.9ಕ್ಕೆ ಏರಿತು.

ಆಗಸ್ಟ್‌ನಲ್ಲಿ ತೂಕ ಮತ್ತೆ 65.6 ಆಯಿತು. ಪಂಚಮಿಗೆ ತವರಿಗೆ ಹೋಗಿದ್ದಳು. ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು, ಅಳ್ಳಿಟ್ಟು, ಹೆಣ್ಣುಮಕ್ಕಳ ಹಬ್ಬ. ಮೊದಲ ಮಗುವನ್ನು ಎತ್ತಿಕೊಂಡು ತವರಿಗೆ ಹೋದ ಮಗಳು ಪಂಚಮಿಯಲ್ಲಿ ಉಂಡೆ ಎಣಿಸಿ ತಿನ್ನಬೇಕೇ? ಬೇಡ ಎಂದೇ ನನ್ನ ನಿಲುವು, ಅವಳಿಗೂ ಹಾಗೆಯೇ ಹೇಳಿದೆ. ಹಿಂದಿನ ಸಲದಂತೆ ಅದಕ್ಕೆ ಪ್ರಾಯಶ್ಚಿತ್ತವಾಗಿ ಊಟ ಬಿಡಬಾರದು ಎಂಬುದಷ್ಟೇ ನನ್ನ ಷರತ್ತು. ಬಿಡಲಿಲ್ಲ. ಎಂಟಕ್ಕೆ ರೊಟ್ಟಿಗೆ ಮರಳಿದಳು. ಸೆಪ್ಟೆಂಬರ್‌ನಲ್ಲಿ 64, ಅಕ್ಟೋಬರ್‌ನಲ್ಲಿ 62.5, ಮಗುವಿನ ಮೊದಲ ಹುಟ್ಟುಹಬ್ಬದ ವಾರ 61.2. ಸೊಂಟ 84 ಸೆಂಟಿಮೀಟರ್, ಹಿಮೋಗ್ಲೋಬಿನ್ 11.8, ಹೊಟ್ಟೆಯ ಬಿರುಕು ಒಂದೂವರೆ ಬೆರಳು. ಬೆನ್ನುನೋವು ಹೋಗಿದೆ.

ಏಳು ತಿಂಗಳಲ್ಲಿ ಏಳು ಕಿಲೋಗೆ ತುಸು ಕಡಿಮೆ. ಹಳೆಯ 56 ಇನ್ನೂ ದೂರವಿದೆ. ಭಾರತೀಯರಿಗೆ ಅನ್ವಯಿಸುವ ಅಳತೆಯಲ್ಲಿ, ತೂಕವನ್ನು ಎತ್ತರಕ್ಕೆ ಹೋಲಿಸಿ ನೋಡುವ ದೇಹತೂಕ ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಈಕೆಯದು 28ರ ಹತ್ತಿರ ಇದ್ದದ್ದು ಈಗ 25ರ ಗಡಿಯಲ್ಲಿದೆ. ಹೆಂಗಸರ ಸೊಂಟದ ಅಳತೆ 80ರೊಳಗೆ ಇರಬೇಕು, ಇನ್ನೂ ನಾಲ್ಕು ಸೆಂಟಿಮೀಟರ್ ಬಾಕಿ. ಕೆಲಸ ಮುಗಿದಿಲ್ಲ, ಆದರೆ ಅವಸರವೂ ಇಲ್ಲ. ಈಗ ಆಕೆಯೊಂದಿಗೆ ಮಾತಾಡುತ್ತಿರುವುದು ಹಾಲು ಬಿಡಿಸುವ ಕಾಲದ ಬಗ್ಗೆ. ಮಗು ಹಾಲು ಕುಡಿಯುವುದು ಈಗ ಬೆಳಿಗ್ಗೆ ಮತ್ತು ರಾತ್ರಿಗೆ ಇಳಿದಿದೆ. ಹಾಲಿಗೆಂದು ಖರ್ಚಾಗುತ್ತಿದ್ದ ಕ್ಯಾಲೊರಿ ಕಡಿಮೆಯಾಗುತ್ತ ಬಂದರೂ ತಾಯಿಯ ಊಟ ಅಭ್ಯಾಸಬಲದಿಂದ ಹಾಗೆಯೇ ಉಳಿಯುವುದರಿಂದ, ಎರಡನೇ ವರ್ಷದಲ್ಲಿ ತೂಕ ಮತ್ತೆ ಏರುವ ತಾಯಂದಿರಿದ್ದಾರೆ. ಆದ್ದರಿಂದ ತಾಯಿ ನಡುರಾತ್ರಿ ಕುಡಿಯುತ್ತಿದ್ದ ಲೋಟ ಹಾಲನ್ನು ಈಗಾಗಲೇ ನಿಲ್ಲಿಸಿದ್ದೇವೆ, ನಾಲ್ಕು ಗಂಟೆಯ ಉಂಡೆಯನ್ನು ಜನವರಿಯಿಂದ ವಾರಕ್ಕೆರಡು ದಿನಕ್ಕೆ ಇಳಿಸುತ್ತೇವೆ. ಬೆಳಗಿನ ಎರಡು ರೊಟ್ಟಿ ಹಾಗೆಯೇ ಇರುತ್ತವೆ. ಹಿಮೋಗ್ಲೋಬಿನ್ 12 ದಾಟುವವರೆಗೆ ವೈದ್ಯರು ಕಬ್ಬಿಣದ ಮಾತ್ರೆ ಮುಂದುವರಿಸಿದ್ದಾರೆ, ಫೆಬ್ರವರಿಯಲ್ಲಿ ಮತ್ತೆ ರಕ್ತ ಪರೀಕ್ಷೆ ಇದೆ.